ಜರ್ಮನಿಯ ಜನ್ಮನಕ್ಷತ್ರ

"ಕಲ್ಲಂತೆ, ಕಲ್ಲು! ಚಂದ್ರ ಬರೀ ಕಲ್ಲಾದ್ರೆ ಹುಣ್ಣಿಮೆ ದಿನ ಸಮುದ್ರ ಯಾಕ್ ಸಾರ್ ಉಬ್ತೈತೆ? ನಿಮ್ಮನೆ ಮುಂದೆ ಆರು ತಿಂಗಳಿಂದ ಜಲ್ಲಿ ರಾಶಿ ಬಿದ್ದೈತಲ್ಲ, ಅದನ್ನ ನೋಡಿ ನಿಮ್ಮ ಸಂಪಿನ ನೀರು ಯಾವತ್ತಾದ್ರೂ ಉಬ್ಬಿತ್ತಾ? ಹೇಳಿ ಮತ್ತೆ!"

ಶ್ಯಾಮಸುಂದರ ಮೇಷ್ಟ್ರು ಏನೂ ಹೇಳಲಿಲ್ಲ. ಹೇಳಲು ಅವರು ಅಲ್ಲಿ ಇರಲೇ ಇಲ್ಲ. ಇದ್ದದ್ದು ಅವರ ತಿಳಿನೀಲಿ ಶರಟು. ಅದು ಇಸ್ತ್ರಿ ಗಾಡಿಯ ಮೇಲೆ ಅಂಗಾತ ಮಲಗಿ, ಎರಡೂ ತೋಳು ಚಾಚಿ, "ಪುರಾವೆ ಎಲ್ಲಿ?" ಎಂದು ಕೇಳುವ ಹಾಗಿತ್ತು. ಚಿಕ್ಕಮುನಿಯಪ್ಪ ಕಾಲರಿಗೆ ನೀರು ಚಿಮುಕಿಸಿ, ಕೆಂಡ ತುಂಬಿದ ಪೆಟ್ಟಿಗೆಯನ್ನು ಚುಯ್ ಎನಿಸಿ ಇಳಿಸಿದರು. ವಾದ ಅಲ್ಲಿಗೆ ಮುಗಿಯಿತು. ಮೂಡಲಪಾಳ್ಯದಲ್ಲಿ ಈ ಮನುಷ್ಯನ ಜೊತೆ ವಾದಕ್ಕೆ ನಿಂತು ಒಂದು ಸುಕ್ಕೂ ಇಲ್ಲದೆ ವಾಪಸು ಹೋದವರಿದ್ದರೆ ಅದು ಶರಟುಗಳು ಮಾತ್ರ.

ನಿಜವಾದ ಮೇಷ್ಟ್ರು ಚಂದ್ರಾ ಲೇಔಟಿನವರು, ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಬಟ್ಟೆ ಒಯ್ಯಲು ಬಂದಾಗ ಗಾಡಿಯ ಪಕ್ಕದ ಬೋರ್ಡನ್ನು ಓದಿ, ಮೂಗಿನಲ್ಲೇ ಒಂದು "ಹ್ಞೂಂ" ಎಂದು ಹೊರಟುಬಿಡುತ್ತಿದ್ದರು. ಆ ಹ್ಞೂಂಗೆ ಉತ್ತರವನ್ನು ಚಿಕ್ಕಮುನಿಯಪ್ಪ ಮುಂದಿನ ವಾರ ಅವರ ಶರಟಿಗೆ ಕೊಡುತ್ತಿದ್ದರು.

ಅವರ ಇಸ್ತ್ರಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ನಂಬುವುದು ಬಿಡುವುದು ಕೇಳಿದವರಿಗೆ ಬಿಟ್ಟಿದ್ದು. ಒಂದು ಸಲ ಒಂದು ಸೊಳ್ಳೆ ಅವರು ಹಾಕಿದ ಪ್ಯಾಂಟಿನ ಗೆರೆಯ ಮೇಲೆ ಕೂತು ಎರಡು ತುಂಡಾಯಿತು. ಇನ್ನೊಂದು ಸಲ ಹೊಸಹಳ್ಳಿಯ ಮದುಮಗನೊಬ್ಬ ಗೆರೆ ಮುರಿದೀತೆಂದು ಕೂರುವುದಕ್ಕೇ ಒಪ್ಪದೆ, ಮದುವೆಯ ಊಟವನ್ನು ನಿಂತೇ ಮಾಡಿದ. ಬಂದವರು ಇದೇನೋ ಹೊಸ ಫ್ಯಾಷನ್ ಎಂದು ತಾವೂ ನಿಂತರು. ಬೆಂಗಳೂರಿಗೆ ಬಫೆ ಊಟ ಬಂದದ್ದು ಹಾಗೆ.

ಚಿಕ್ಕಮುನಿಯಪ್ಪನ ತಂದೆ ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು. ಕೆರೆ ಹೋಗಿ ಸೈಟುಗಳು ಬಂದವು, ಮನೆಗೊಂದು ವಾಷಿಂಗ್ ಮಷೀನು ಬಂತು. ಸುಕ್ಕು ಬಿಡಿಸುವ ಮಷೀನು ಮಾತ್ರ ಬರಲಿಲ್ಲವಾದ್ದರಿಂದ ಇವರು ನಲವತ್ತನೇ ವಯಸ್ಸಿಗೆ ಹೊಂಗೆ ಮರದ ಕೆಳಗೆ ಗಾಡಿ ಹಾಕಿದರು. ಈಗ ಅರವತ್ತೇಳು. ಮೂವರು ಮೊಮ್ಮಕ್ಕಳು, ಒಂದು ಕನ್ನಡಕ, ಒಂದು ಪಂಚಾಂಗ.

ಪಂಚಾಂಗದ ಕಥೆ ಹೀಗೆ. ವೆಂಕಟರಮಣಪ್ಪ ಎಂಬ ಹಿರಿಯರೊಬ್ಬರು, ಈಗ ಇಲ್ಲ, ಪ್ರತಿ ಯುಗಾದಿಗೆ ತಮ್ಮ ಹಳೆಯ ಪಂಚಾಂಗವನ್ನು "ಬಟ್ಟೆ ಸುತ್ತೋಕಾಗುತ್ತೆ, ಇಟ್ಕೊಳ್ಳಯ್ಯ" ಎಂದು ಕೊಟ್ಟು ಹೋಗುತ್ತಿದ್ದರು. ಗ್ರಹಗಳ ಮನೆಯಲ್ಲಿ ಯಾರದೋ ಬನಿಯನ್ ಸುತ್ತುವುದು ಸರಿಯಲ್ಲವೆನಿಸಿ ಚಿಕ್ಕಮುನಿಯಪ್ಪ ಅದನ್ನು ಓದತೊಡಗಿದರು. ತಿಥಿ, ವಾರ ಎಲ್ಲ ಹೋದ ವರ್ಷದ್ದು. ಆದರೆ ಹಳೆಯದಾಗದ ಪುಟವೊಂದಿತ್ತು. ಯಾವ ನಕ್ಷತ್ರದಲ್ಲಿ ಮಗು ಹುಟ್ಟಿದರೆ ಯಾವ ಅಕ್ಷರದಿಂದ ಹೆಸರಿಡಬೇಕು ಎಂಬ ಪಟ್ಟಿ. ನಕ್ಷತ್ರಕ್ಕೆ ನಾಲ್ಕು ಅಕ್ಷರ. ಅದನ್ನು ನೋಡುತ್ತ ನೋಡುತ್ತ ಒಂದು ಮಧ್ಯಾಹ್ನ ಅವರ ತಲೆಯೊಳಗೆ ಕೆಂಡ ಹೊತ್ತಿತು. ನಕ್ಷತ್ರದಿಂದ ಹೆಸರು ಬರುವುದಾದರೆ ಹೆಸರಿನಿಂದ ನಕ್ಷತ್ರ ಯಾಕೆ ಬರಬಾರದು? ದೇಶಗಳಿಗೂ ಹೆಸರಿದೆಯಲ್ಲ! ಶಾಸ್ತ್ರಿಗಳು ಇದನ್ನು ಒಪ್ಪುತ್ತಾರೆಯೇ ಎಂದು ಕೇಳಿದರೆ, "ಒಪ್ಪದಿದ್ರೆ ಅವರ ಶರಟು ಕಳಿಸ್ಲಿ, ಮಾತಾಡ್ತೀನಿ" ಎನ್ನುತ್ತಿದ್ದರು.

ಅಂದಿನಿಂದ ಪ್ರತಿ ಹುಣ್ಣಿಮೆಗೆ ಮೂರು ದಿನ ಮುಂಚೆ ಗಾಡಿಯ ಪಕ್ಕದ ಹಲಗೆಗೆ ಕಪ್ಪು ಬಳಿದು ಸೀಮೆಸುಣ್ಣದಲ್ಲಿ "ಹುಣ್ಣಿಮೆ ಲೋಕಫಲ" ಬರೆಯುವುದು ಶುರುವಾಯಿತು. ಹುಣ್ಣಿಮೆಯ ಚಂದ್ರ ಯಾವ ರಾಶಿಯಲ್ಲಿ ನಿಂತಿದ್ದಾನೆ ಎಂದು ಈ ವರ್ಷದ ಗೋಡೆ ಕ್ಯಾಲೆಂಡರಿನಲ್ಲಿ ನೋಡುವುದು, ಲೋಕದ ಸುದ್ದಿಯನ್ನು ಬಟ್ಟೆ ಸುತ್ತುವ ಪೇಪರಿನಲ್ಲಿ ನೋಡುವುದು. ಆ ಪೇಪರು ಹದಿನೈದು ದಿನ ಹಳೆಯದಾದ್ದರಿಂದ ಅವರ ಭವಿಷ್ಯದಲ್ಲಿ ಅರ್ಧ ಆಗಲೇ ನಡೆದುಹೋಗಿರುತ್ತಿತ್ತು. ಆ ಅರ್ಧ ಎಂದೂ ತಪ್ಪಲಿಲ್ಲ.

ಇನ್ನು ನಿಯಮಗಳು. ಅವೆಲ್ಲ ಮನೆಮಂದಿಯ ನಿಯಮಗಳೇ. ಚಂದ್ರ ನಿಮ್ಮ ರಾಶಿಗೇ ಬಂದರೆ ನೆಂಟ ಮನೆಗೆ ಬಂದ ಹಾಗೆ, ಹಬ್ಬ. ಏಳನೇ ರಾಶಿಯಲ್ಲಿದ್ದರೆ ಎದುರುಮನೆಯವನು ಬಾಗಿಲಲ್ಲಿ ನಿಂತು ಎಲ್ಲಿಗೆ ಹೊರಟಿರಿ ಎಂದು ಕೇಳಿದ ಹಾಗೆ, ಹೊರಡಬಾರದು.

ಅಮೆರಿಕ, ಇಸ್ರೇಲ್, ಇರಾನ್, ಉಕ್ರೇನ್. ಅ, ಇ, ಉ. ಎಲ್ಲವೂ ಕೃತ್ತಿಕಾ ನಕ್ಷತ್ರ! ಇದನ್ನು ಕಂಡುಹಿಡಿದ ದಿನ ಚಿಕ್ಕಮುನಿಯಪ್ಪ ಒಂದು ಸೀರೆಯನ್ನು ಸುಡುವುದರಲ್ಲಿದ್ದರು. "ನೋಡ್ರಪ್ಪ, ಒಂದೇ ಮನೆ ಮಕ್ಕಳು, ಅದಕ್ಕೇ ಇಂಗೆ ಕಿತ್ತಾಡ್ತಾವೆ. ಹೊರಗಿನೋರ ಜೊತೆ ಯಾರಾದ್ರೂ ಇಷ್ಟು ಜಗಳ ಆಡ್ತಾರಾ?" ಟೊಮ್ಯಾಟೊ ಬೆಲೆ ಆಕಾಶಕ್ಕೆ ಹೋದ ವರ್ಷ ಅವರು ಟೊಮ್ಯಾಟೊವನ್ನೂ ಒಂದು ದೇಶವೆಂದು ಪರಿಗಣಿಸಿ ಉತ್ತರಾ ನಕ್ಷತ್ರಕ್ಕೆ ಹಾಕಿದರು. ನಮ್ಮದೇ ದೇಶದ ವಿಷಯದಲ್ಲಿ ತೊಡಕಾಯಿತು. ಭಾರತ ಎಂದರೆ ಮೂಲಾ, ಇಂಡಿಯಾ ಎಂದರೆ ಕೃತ್ತಿಕಾ. ಮೂರು ದಿನ ಯೋಚಿಸಿ ತೀರ್ಪು ಕೊಟ್ಟರು. "ಇಂಡಿಯಾ ಸ್ಕೂಲಲ್ಲಿ ಬರೆಸಿದ ಹೆಸರು. ಭಾರತ ಮನೇಲಿ ಕರೆಯೋ ಹೆಸರು. ಕರೆಯೋ ಹೆಸರಿಗೇ ಬಲ. ನಮ್ಮ ಬೀದಿ ನಾರಾಯಣಸ್ವಾಮಿನ ಯಾರು ನಾರಾಯಣಸ್ವಾಮಿ ಅಂತಾರೆ? ಗುಂಡ ಅಂದ್ರೇನೇ ತಿರುಗೋದು." ಬೀದಿ ಈ ತೀರ್ಪನ್ನು ಒಪ್ಪಿತು.

ಜನ ನಗುತ್ತ ಓದುತ್ತಿದ್ದರು, ಬಸ್ಸಿಗೆ ಕಾಯುತ್ತ ಓದುತ್ತಿದ್ದರು. ಒಬ್ಬರು ಮಾತ್ರ ನಗದೆ ಓದುತ್ತಿದ್ದರು. ಪಕ್ಕದಲ್ಲೇ ಹೂ ಮಾರುವ ಅಂಜನಮ್ಮ. ಹತ್ತೊಂಬತ್ತು ವರ್ಷದಿಂದ ಗಾಡಿಯ ನೆರಳು ಮಧ್ಯಾಹ್ನದ ತನಕ ಅವರ ಬುಟ್ಟಿಯ ಮೇಲೆ, ಮಧ್ಯಾಹ್ನದ ಮೇಲೆ ಅವರ ಛತ್ರಿಯ ನೆರಳು ಗಾಡಿಯ ಮೇಲೆ. ಅಂಜನಮ್ಮನ ನಂಬಿಕೆಗೆ ಕಾರಣವಿತ್ತು. ಎಷ್ಟೋ ವರ್ಷದ ಹಿಂದೆ ಚಿಕ್ಕಮುನಿಯಪ್ಪ ಮಾಲ್ಡೀವ್ಸಿಗೂ ಮಾರಿಷಸ್ಸಿಗೂ ಸೇರಿಸಿ "ಮಾ ಅಕ್ಷರದವರಿಗೆ ಗೆಲುವು" ಎಂದು ಬರೆದಿದ್ದರು. ಅದೇ ವಾರ ಅಂಜನಮ್ಮನ ಮಗಳು ಮಾಲಾ ನರ್ಸಿಂಗ್ ಪರೀಕ್ಷೆ ಪಾಸಾದಳು. ಮಾಲ್ಡೀವ್ಸಿಗೆ ಏನಾಯಿತೋ ಯಾರೂ ವಿಚಾರಿಸಲಿಲ್ಲ.

ಈ ಸಲ ಬನದ ಹುಣ್ಣಿಮೆ ಗುರುವಾರ ಬಿದ್ದಿತ್ತು. ಸೋಮವಾರ ಬೋರ್ಡು ಬರೆಯುವಾಗ ಕೈಗೆ ಸಿಕ್ಕ ಪೇಪರಿನಲ್ಲಿ ಜರ್ಮನಿಯ ರೈತರು ಟ್ರ್ಯಾಕ್ಟರುಗಳನ್ನು ಸಾಲಾಗಿ ನಿಲ್ಲಿಸಿ ರಸ್ತೆ ತಡೆದ ಫೋಟೊ ಇತ್ತು. ಸರಿ, ಬರೆದರು: "ಜರ್ಮನಿ. ಜ ಅಕ್ಷರ, ಉತ್ತರಾಷಾಢ ನಕ್ಷತ್ರ, ಮಕರ ರಾಶಿ. ಚಂದ್ರ ಎದುರುಮನೆ ಕರ್ಕಾಟಕದಲ್ಲಿ. ದಾರಿ ಬಂದ್. ಹೊರಟವರು ನಿಲ್ಲುವುದು ಉತ್ತಮ. ಜಪಾನಿಗೂ ಇದೇ." ಜಪಾನನ್ನು ಸುಮ್ಮನೆ ಜಾಗ ಉಳಿದಿದ್ದಕ್ಕೆ ಸೇರಿಸಿದ್ದು.

ಮಂಗಳವಾರ ಬೆಳಿಗ್ಗೆ ಮಾಲಾ ಬಂದಳು. ಯೂನಿಫಾರ್ಮನ್ನು ಗಾಡಿಯ ಮೇಲೆ ಇಡಲಿಲ್ಲ, ಎಸೆದಳು.

"ಮಾವ, ಆ ಬೋರ್ಡಲ್ಲಿ ಏನ್ ಬರ್ದಿದೀರಾ?"

"ಲೋಕಫಲ ಕಣವ್ವ. ಯಾಕೆ, ಅಕ್ಷರ ತಪ್ಪೈತಾ?"

"ಅಕ್ಷರ ಎಲ್ಲಾ ಕರೆಕ್ಟಾಗಿದೆ. ನನ್ ಜೀವನ ತಪ್ಪೋಯ್ತು ಅಷ್ಟೆ."

ಆಗ ಗೊತ್ತಾಯಿತು. ಒಂದೂವರೆ ವರ್ಷದಿಂದ ಮಾಲಾ ಡ್ಯೂಟಿ ಮುಗಿಸಿ ವಿಜಯನಗರದಲ್ಲಿ ಜರ್ಮನ್ ಭಾಷೆ ಕಲಿಯುತ್ತಿದ್ದಳು. ಪಾಸಾಗುವ ತನಕ ಯಾರಿಗೂ ಹೇಳಬಾರದೆಂದು ಬಾಯಿ ಕಟ್ಟಿಕೊಂಡಿದ್ದಳು. ಪಾಸಾಗಿತ್ತು. ಜರ್ಮನಿಯ ಒಂದು ಸಣ್ಣ ಊರಿನ ಆಸ್ಪತ್ರೆ ಕೆಲಸ ಕೊಟ್ಟು ಪತ್ರ ಕಳಿಸಿತ್ತು. ಶುಕ್ರವಾರದೊಳಗೆ ಒಪ್ಪಿಗೆ ಕಳಿಸದಿದ್ದರೆ ಜಾಗ ಬೇರೆಯವರಿಗೆ. ಭಾನುವಾರ ಅಂಜನಮ್ಮ ಅತ್ತು ಕರೆದು ಒಪ್ಪಿದ್ದರು. ಸೋಮವಾರ ಬೋರ್ಡು ನೋಡಿದರು.

"ಅಷ್ಟ್ ದೇಶ ಇದಾವಲ್ಲ ಮಾವ, ನಿಮಗೆ ಜರ್ಮನೀನೇ ಬೇಕಿತ್ತಾ? ಅಮ್ಮ ಏನಂತಾಳೆ ಗೊತ್ತಾ, 'ದೇವ್ರೇ ಅವನ ಕೈ ಹಿಡಿದು ಬರ್ಸವ್ನೆ' ಅಂತಾಳೆ."

"ದೇವ್ರಲ್ಲ ಕಣವ್ವ, ಟ್ರ್ಯಾಕ್ಟ್ರು" ಎಂದರು ಚಿಕ್ಕಮುನಿಯಪ್ಪ. ಮಾಲಾ ನಗಲಿಲ್ಲ.

ಅವಳು ಹೋದಮೇಲೆ ಅವರು ಒದ್ದೆ ಬಟ್ಟೆ ತೆಗೆದುಕೊಂಡು ಬೋರ್ಡಿನ ಹತ್ತಿರ ಹೋದರು. ಹೂ ಕಟ್ಟುತ್ತಿದ್ದ ಅಂಜನಮ್ಮ ತಲೆ ಎತ್ತದೆ ಹೇಳಿದರು, "ಅಳಿಸ್ದೆ ಅಂದ್ರೆ ಮಾಲಾ ಹೇಳಿ ಅಳಿಸಿದ್ದು ಅಂತ ಅರ್ಥ. ಹತ್ತೊಂಬತ್ತು ವರ್ಷದಲ್ಲಿ ನೀನು ಬರೆದಿದ್ದು ಒಂದಕ್ಷರ ತಿದ್ದಿದ್ದು ನಾನು ನೋಡಿಲ್ಲ."

"ಅಂಜನಮ್ಮ, ನಾ ಬರೆಯೋದೆಲ್ಲಾ ತಮಾಷೆ ಕಣಮ್ಮ. ಪೇಪರ್ ನೋಡ್ತೀನಿ, ಅಕ್ಷರ ನೋಡ್ತೀನಿ, ಏನೋ ಒಂದು ಗೀಚ್ತೀನಿ."

"ತಮಾಷೆ ಅಂತ ನೀನಂದ್ರೆ ಆಗೋಯ್ತಾ? ಬರ್ಸೋನು ಮೇಲವ್ನೆ. ನೀನು ಬರೀ ಸೀಮೆಸುಣ್ಣ."

ಅರವತ್ತೇಳು ವರ್ಷದಲ್ಲಿ ಅವರನ್ನು ಯಾರೂ ಸೀಮೆಸುಣ್ಣ ಎಂದಿರಲಿಲ್ಲ. ಒದ್ದೆ ಬಟ್ಟೆ ಹಿಡಿದುಕೊಂಡು ಹಾಗೇ ವಾಪಸು ಬಂದರು.

ಆ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಹೆಂಡತಿ ವರಲಕ್ಷ್ಮಿ ಬಡಿಸುತ್ತ ಶುರುಮಾಡಿದರು. ಗಾಡಿಯ ಎದುರಿನ ಓಣಿಯಲ್ಲೇ ಮನೆ, ಸುದ್ದಿ ಅವರಿಗಿಂತ ಮುಂಚೆ ಮನೆ ಸೇರಿತ್ತು.

"ದೇಶಗಳಿಗೆಲ್ಲಾ ಬಾಯಿಗೆ ಬಂದಂಗೆ ಬರೆಯೋದು. ಈಗ ನೋಡಿ, ಯಾರ್ ಮನೆ ಹೆಣ್ಣುಮಗಳ ತಲೆ ಮೇಲೆ ಬಿತ್ತು."

"ಅವಳು ಅಲ್ಲಿಗೆ ಹೊರಟವ್ಳೆ ಅಂತ ನಂಗೇನ್ ಗೊತ್ತಿತ್ತು ಕಣೇ?"

"ಇವಳಲ್ದಿದ್ರೆ ಇನ್ನೊಬ್ಳು. ಜರ್ಮನಿ ಅಂದ್ರೆ ಬರೀ ಜ-ನಾ? ಅಲ್ಲಿ ಜನ ಇಲ್ವಾ?"

ಚಿಕ್ಕಮುನಿಯಪ್ಪ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದರು. ಇಷ್ಟು ವರ್ಷ ಅವರು ಭೂಕಂಪ ಬರೆದಿದ್ದರು, ಯುದ್ಧ ಬರೆದಿದ್ದರು, ಕೆಂಪು ಸಮುದ್ರದಲ್ಲಿ ಹಡಗುಗಳಿಗೆ ಕಂಟಕ ಎಂದು ಬರೆದಿದ್ದರು. ಆ ಹಡಗಿನಲ್ಲಿ ಯಾರ ಮಗ ಇದ್ದನೋ, ಯಾವ ಊರಿನ ಯಾವ ಹೂವಾಡಗಿತ್ತಿ ಅದನ್ನು ಓದಿ ಬುಟ್ಟಿ ಮಡಚಿಟ್ಟಳೋ ಎಂದು ಒಮ್ಮೆಯೂ ಹೊಳೆದಿರಲಿಲ್ಲ. ಅಲ್ಲಿನವರು ಮೂಡಲಪಾಳ್ಯದ ಬೋರ್ಡು ಓದುವುದಿಲ್ಲ, ನಿಜ. ಆದರೂ ಆವತ್ತು ಅವರು ಎರಡನೇ ಸಲ ಸಾರು ಹಾಕಿಸಿಕೊಳ್ಳಲಿಲ್ಲ. ವರಲಕ್ಷ್ಮಿಗೆ ಅಷ್ಟಕ್ಕೇ ಗಾಬರಿಯಾಯಿತು.

ಬುಧವಾರ ಅವರು ಯಾವ ಶರಟಿನ ಜೊತೆಗೂ ಮಾತಾಡಲಿಲ್ಲ.

ಗುರುವಾರ, ಹುಣ್ಣಿಮೆಯ ದಿನ, ಹನ್ನೊಂದು ಗಂಟೆಯ ಹೊತ್ತಿಗೆ ಮಾಲಾ ಯೂನಿಫಾರ್ಮ್ ಒಯ್ಯಲು ಬಂದಳು. ಕಿವಿಯಲ್ಲಿ ಇಯರ್‌ಫೋನು. ಕಣ್ಣು ಊದಿತ್ತು, ಬಾಯಿ ಮಾತ್ರ ಅಭ್ಯಾಸಬಲದಿಂದ ಏನೋ ಗುಣುಗುತ್ತಿತ್ತು. ಬಿಟ್ಟುಬಿಡಲಿರುವ ಪಾಠವನ್ನೂ ಒಪ್ಪಿಸುವ ಹುಡುಗಿ ಅವಳು.

"ಅದೇನವ್ವ, ಡಾ ಡಾ ಅಂತೀಯಾ?"

"ಏನಿಲ್ಲ ಮಾವ. ಡಾಯ್ಚ್‌ಲಾಂಡ್."

"ಹಂಗಂದ್ರೆ?"

"ಜರ್ಮನಿ. ಅವರು ಜರ್ಮನಿ ಅನ್ನಲ್ಲ, ಡಾಯ್ಚ್‌ಲಾಂಡ್ ಅಂತಾರೆ. ಜರ್ಮನಿ ಅನ್ನೋದು ಹೊರಗಿನೋರು ಇಟ್ಟಿದ್ದು."

ಚಿಕ್ಕಮುನಿಯಪ್ಪನ ಕೈಲಿದ್ದ ಪೆಟ್ಟಿಗೆ ಅಲ್ಲೇ ನಿಂತಿತು. ಹೊಗೆ ವಾಸನೆ ಬಂದ ಮೇಲೆ ಎತ್ತಿದರು. ಯಾರದೋ ದಿಂಬಿನ ಕವರಿಗೆ ಇವತ್ತಿಗೂ ಆ ತ್ರಿಕೋನದ ಗುರುತು ಇದೆ.

"ಅವರ ಮನೇಲಿ ಅವರು ಕರ್ಕೊಳ್ಳೋ ಹೆಸರಾ?"

"ಹೂಂ ಮಾವ."

"ಡಾ? ಡ-ಗೆ ದೀರ್ಘ ಡಾ?"

ಗಾಡಿಯ ಕೆಳಗಿಂದ ಪಂಚಾಂಗ ಹೊರಬಂತು. ಕನ್ನಡಕ ಮೂಗಿಗೆ ಏರಿತು. ಬೆರಳು ಪಟ್ಟಿಯಲ್ಲಿ ಇಳಿಯಿತು. "ಹು, ಹೆ, ಹೊ, ಡಾ..." ಬೆರಳು ನಿಂತಿತು. ಕ್ಯಾಲೆಂಡರಿನ ಗುರುವಾರದ ಚೌಕಕ್ಕೆ ಹಾರಿತು. ಮತ್ತೆ ಪಟ್ಟಿಗೆ ಬಂತು.

"ಪುಷ್ಯ!" ಎಂದು ಅವರು ಕೂಗಿದ ರಭಸಕ್ಕೆ ಹೊಂಗೆ ಮರದ ಕಾಗೆಗಳು ನಾಗರಭಾವಿಯ ತನಕ ಹಾರಿಹೋಗಿ, ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡು, ಸಂಜೆಗೆ ವಾಪಸು ಬಂದವು. "ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ! ಇವತ್ತು ಚಂದ್ರ ಇರೋದೇ ಅಲ್ಲಿ! ಎದುರುಮನೇಲಲ್ಲ ಕಣವ್ವ, ಅವರ ಮನೇಲೇ ಅವ್ನೆ! ಅದೂ ಅವನ ಸ್ವಂತ ರಾಶಿ! ಪುಷ್ಯಕ್ಕೆ ಗುರುವಾರ ಬೇರೆ ಕೂಡಿಬಂದೈತೆ!"

ಇದರಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ. ಅವರದೇ ನಿಯಮ, ಅವರದೇ ತೀರ್ಪು. ಭಾರತಕ್ಕೊಂದು ನ್ಯಾಯ ಜರ್ಮನಿಗೊಂದು ನ್ಯಾಯ ಆಗುತ್ತದೆಯೇ? ಅವರು ಸೀಮೆಸುಣ್ಣ ಹಿಡಿದು ಹೋದರು. ಒಂದಕ್ಷರವನ್ನೂ ಅಳಿಸದೆ ಕೆಳಗೆ ಬರೆದರು: "ಮೇಲಿನದು ಸ್ಕೂಲಲ್ಲಿ ಬರೆಸಿದ ಹೆಸರಿಗೆ. ಮನೆಯಲ್ಲಿ ಕರೆಯುವ ಹೆಸರು ಡಾಯ್ಚ್‌ಲಾಂಡ್. ಡಾ, ಪುಷ್ಯ. ಚಂದ್ರ ಮನೆಯಲ್ಲೇ. ಹೊರಡಬಹುದು."

ಅಂಜನಮ್ಮ ಹೂವಿನ ಬುಟ್ಟಿ ಬಿಟ್ಟು ಎದ್ದು ಬಂದು ಓದಿದರು. ಒಂದೊಂದೇ ಅಕ್ಷರ ಕೂಡಿಸಿ ಓದಿ, ಮಗಳ ಮುಖ ನೋಡಿ, ಚಿಕ್ಕಮುನಿಯಪ್ಪನ ಮುಖ ನೋಡಿದರು.

"ಇಬ್ರೂ ಸೇರಿ ನಾಟಕ ಆಡ್ತಿದೀರಾ?"

"ಅಮ್ಮಾ, ನಿಜವಾಗ್ಲೂ ಅವರು ಹಾಗೇ ಅನ್ನೋದು."

"ನೀನು ಸುಮ್ಕಿರು. ನಿಂಗೆ ಹೋಗ್ಬೇಕು, ನೀನು ಏನ್ ಬೇಕಾದ್ರೂ ಹೇಳ್ತೀಯ. ಇವನಿಗೆ ನಿನ್ನ ಕಂಡ್ರೆ ಅಯ್ಯೋ ಪಾಪ, ಇವನೂ ಹೇಳ್ತಾನೆ. ಬೇರೆ ಯಾರಾದ್ರೂ ಹೇಳ್ಬೇಕು."

ಅಷ್ಟರಲ್ಲಿ ತಿಳಿನೀಲಿ ಶರಟಿಗಾಗಿ ಶ್ಯಾಮಸುಂದರ ಮೇಷ್ಟ್ರು ಛತ್ರಿ ಊರಿಕೊಂಡು ಬಂದರು. ಅಂಜನಮ್ಮ ಅವರನ್ನು ರಸ್ತೆಯ ಮಧ್ಯದಲ್ಲೇ ಹಿಡಿದರು.

"ಸಾರ್, ನಿಮಗೆ ಈ ಹುಣ್ಣಿಮೆ ಫಲದಲ್ಲೆಲ್ಲಾ ನಂಬ್ಕೆ ಐತಾ?"

"ಇಲ್ಲಮ್ಮ. ಎಳ್ಳಷ್ಟೂ ಇಲ್ಲ."

"ಒಳ್ಳೇದಾಯ್ತು. ಹಂಗಾದ್ರೆ ಇವನ ಕಡೆ ಸೇರ್ಕೊಂಡು ಸುಳ್ಳು ಹೇಳಲ್ಲ. ಜರ್ಮನಿಯೋರು ಅವರ ದೇಶಾನ ಅವರೇ ಏನಂತ ಕರ್ಕೊಳ್ತಾರೆ ಸಾರ್?"

"ಡಾಯ್ಚ್‌ಲಾಂಡ್. ಯಾಕಮ್ಮ?"

"ಇನ್ನೊಂದ್ಸಲ ಹೇಳಿ."

"ಡಾಯ್ಚ್‌ಲಾಂಡ್ ಅಂತ. ಸ್ಟಾಂಪ್ ಮೇಲೂ ಹಾಗೇ ಇರತ್ತೆ, ನನ್ನ ಆಲ್ಬಮ್ಮಲ್ಲಿ ಇದೆ ಬೇಕಾದ್ರೆ. ಏನಾಯ್ತೀಗ?"

ಮೇಷ್ಟ್ರು ತಾವೇ ಬೋರ್ಡಿನ ಕಡೆ ತಿರುಗಿ ಓದಿದರು. ಮೊದಲು ಮೇಲಿನ ಸಾಲು, ಆಮೇಲೆ ಕೆಳಗಿನ ಸಾಲು. ತಾವು ಈಗಷ್ಟೇ ಯಾವ ಶಾಸ್ತ್ರಕ್ಕೆ ಸಾಕ್ಷಿ ಹೇಳಿದೆವೆಂದು ಅವರಿಗೆ ಹೊಳೆದಾಗ ಮೂಗಿನಿಂದ ಹೊರಟ ಹ್ಞೂಂ ಅರ್ಧದಲ್ಲೇ ನಿಂತುಹೋಯಿತು. ಶರಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, "ಒಳ್ಳೇದಾಗ್ಲಿ ಮಗು" ಎಂದು ಮಾಲಾಗೆ ಹೇಳಿ, ಚಿಕ್ಕಮುನಿಯಪ್ಪನ ಕಡೆ ನೋಡದೆ ಹೊರಟರು.

ಅಂಜನಮ್ಮ ವಾಪಸು ಬುಟ್ಟಿಯ ಮುಂದೆ ಕೂತರು. ಕನಕಾಂಬರದ ನಾಲ್ಕು ಗಂಟು ಹಾಕಿದರು. ಐದನೆಯದಕ್ಕೆ ದಾರ ಕೈಯಿಂದ ಜಾರಿತು.

"ಹೆಸರೇ ನನ್ ಬಾಯಲ್ಲಿ ಹೊರಳಲ್ಲ" ಎಂದರು, ಯಾರಿಗೂ ಅಲ್ಲದ ಹಾಗೆ. "ಹೂ ತಗೊಳ್ಳೋಕೆ ಬಂದೋರು ಮಗಳೆಲ್ಲಿ ಅಂದ್ರೆ ಏನ್ ಹೇಳ್ಲಿ? ಊರು ಯಾವ್ದು ಅಂತ ಹೇಳೋಕೂ ಬರದೇ ಇರೋ ಊರಿಗೆ ಹೆಂಗೆ ಕಳಿಸ್ಲಿ?"

ಇದು ಬೋರ್ಡಿನಲ್ಲಿ ಬರೆದ ಭಯವಲ್ಲ. ಬೋರ್ಡು ಇಲ್ಲದಿದ್ದರೂ ಇರುತ್ತಿದ್ದ ಭಯ. ಚಿಕ್ಕಮುನಿಯಪ್ಪನ ಪಂಚಾಂಗದಲ್ಲಿ ಇದಕ್ಕೆ ಪುಟವಿರಲಿಲ್ಲ. ಮಾಲಾ ಅಮ್ಮನ ಪಕ್ಕದಲ್ಲಿ ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತಳು.

"ನಾನು ಹೇಳ್ಕೊಡ್ತೀನಿ. ಡಾಯ್."

"ಡಾಯ್."

"ಚ್."

"ಚ್. ಇದೇನು, ನಾಯಿ ಓಡಿಸ್ದಂಗೆ?"

"ಲಾಂಡ್. ಈಗ ಸೇರಿಸಿ ಹೇಳು."

"ಡಾಯ್... ಚಲಾನು."

"ಹತ್ರ ಬಂತು ಅಂಜನಮ್ಮ, ಟ್ರಾಫಿಕ್ ಪೊಲೀಸ್ರು ಒಪ್ಕೊಳ್ತಾರೆ" ಎಂದರು ಚಿಕ್ಕಮುನಿಯಪ್ಪ.

ಅಂಜನಮ್ಮ ಒಂದು ಬಾಡಿದ ಹೂವನ್ನು ಅವರ ಕಡೆ ಎಸೆದರು. ನಕ್ಕರು. ಹತ್ತೊಂಬತ್ತು ವರ್ಷದಲ್ಲಿ ಆ ಬೋರ್ಡಿನ ಮುಂದೆ ಅವರು ನಕ್ಕದ್ದು ಅದೇ ಮೊದಲು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಹೇಳ್ಕೊಡೇ" ಎಂದರು. ಆರನೇ ಸಲಕ್ಕೆ ಬಂತು. ಅವರದೇ ರಾಗದಲ್ಲಿ, ಸೇವಂತಿಗೆ ಮೊಳದ ರೇಟು ಕೂಗುವ ಹಾಗೆ, ಆದರೆ ಸರಿಯಾಗಿ ಬಂತು. ದಾರಿಯಲ್ಲಿ ಹೋಗುತ್ತಿದ್ದ ಆಟೊದವನು ಅದೆಲ್ಲಿ ಬರುತ್ತದೆ ಎಂದು ತಿರುಗಿ ನೋಡಿದ.

"ಏನು ನೋಡ್ತೀಯಪ್ಪ? ನನ್ ಮಗಳು ಅಲ್ಲಿಗೆ ಹೋಗ್ತಾಳೆ" ಎಂದರು ಅಂಜನಮ್ಮ ಅವನಿಗೆ. ಆಮೇಲೆ ಮಗಳಿಗೆ, "ಅದೇನು ಕಳಿಸ್ಬೇಕೋ ಕಳಿಸ್ಬಿಡು. ನಾಳೆ ತನಕ ಯಾಕೆ ಇಟ್ಕೊಂಡಿರ್ತೀಯ?"

ಮಾಲಾ ಫೋನು ತೆಗೆದಳು. ಒಂದು ಸಲ ತಪ್ಪು ಜಾಗ ಒತ್ತಿದಳು, ಎರಡನೇ ಸಲಕ್ಕೆ ಹೋಯಿತು. ಆಮೇಲೆ ಎದ್ದು ಗಾಡಿಯ ಹತ್ತಿರ ಬಂದಳು.

"ಥ್ಯಾಂಕ್ಸ್ ಮಾವ."

"ನಂಗ್ಯಾಕೆ? ಪರೀಕ್ಷೆ ಬರ್ದಿದ್ದು ನೀನು. ನಾನು ಬರೀ ಸೀಮೆಸುಣ್ಣ." ಅವರು ಯೂನಿಫಾರ್ಮನ್ನು ಮಡಿಸಿ, ಮಡಿಕೆಯ ಮೇಲೆ ಅಂಗೈ ಒತ್ತಿದರು. "ಒಂದು ಕೆಲಸ ಮಾಡವ್ವ. ಅಲ್ಲಿಗೆ ಹೋದ್ಮೇಲೆ ಹುಣ್ಣಿಮೆಗೆ ಮುಂಚೆ ನಂಗೊಂದು ಫೋನ್ ಮಾಡು. ಅಲ್ಲಿ ಬಟ್ಟೆ ಯಾರು ಇಸ್ತ್ರಿ ಹಾಕ್ತಾರೆ, ಬೆಳಿಗ್ಗೆ ಏನ್ ತಿಂತಾರೆ, ನಿನ್ನ ವಾರ್ಡಿನ ಅಜ್ಜ ಯಾಕೆ ನಿದ್ದೆ ಮಾಡ್ಲಿಲ್ಲ, ಅದನ್ನ ಹೇಳು. ಅದನ್ನ ಕೇಳ್ಕೊಂಡು ಬರೀತೀನಿ. ಕೇಳ್ದೆ ಬರೆಯಲ್ಲ ಇನ್ಮೇಲೆ."

"ಅಲ್ಲಿ ಎಲ್ಲಾರೂ ಅವರವರೇ ಇಸ್ತ್ರಿ ಹಾಕ್ಕೊಳ್ತಾರಂತೆ ಮಾವ."

"ಹಂಗಂತ ಯಾರಂದಿದ್ದು? ನಮ್ಮ ತಾತ ಒಂದ್ಸಲ ಒಬ್ಬ ಡಾಯ್ಚ್‌ಲಾಂಡಿನ ದೊರೆ ಕೋಟಿಗೆ ಇಸ್ತ್ರಿ ಹಾಕಿದ್ರು, ಗೊತ್ತಾ? ಆ ಕೋಟು ಎಷ್ಟು ನೆಟ್ಟಗಿತ್ತು ಅಂದ್ರೆ, ದೊರೆ ಒಳಗಿಲ್ದಿದ್ರೂ ಅದೇ ಎದ್ದು ನಿಂತ್ಕೊಂಡು, ಕುದುರೆ ಹತ್ತಿ, ನಾಯಂಡಹಳ್ಳಿ ತನಕ..."

"ಏನ್ರೀ!" ಎದುರಿನ ಓಣಿಯಿಂದ ವರಲಕ್ಷ್ಮಿಯ ಕೂಗು ಬಂತು. "ಮುದ್ದೆ ಆರ್ತಾ ಐತೆ, ಕೋಟು ಎಲ್ಲಿಗೆ ಹೋಯ್ತೋ ಉಂಡ್ಕೊಂಡು ಹೇಳೋರಂತೆ! ಅಂಜನಮ್ಮ, ನೀನೂ ಬಾ, ಮಾಲಾನೂ ಕರ್ಕೊಂಡ್ ಬಾ. ಅವರೆಕಾಳ್ ಸಾರು!"

ಚಿಕ್ಕಮುನಿಯಪ್ಪ ಪೆಟ್ಟಿಗೆಯನ್ನು ಕಲ್ಲಿನ ಮೇಲೆ ಎತ್ತಿಟ್ಟು, ಕೈ ಒರೆಸಿಕೊಂಡು, ಹೊರಟರು.